ರಾಜಾ ವೀರ ಮದಕರಿ ನಾಯಕ ಮತ್ತು ಚಿತ್ರದುರ್ಗದ ಏಳು ಸುತ್ತಿನ ಕೋಟೆ

ಚಿತ್ರದುರ್ಗ ಪಾಳೆಯಗಾರರ ಕೊನೆಯ ಅರಸನಾದ ಮದಕರಿ ನಾಯಕನ ಜೀವನ ವೃತ್ತಾಂತವನ್ನು, ಆತನ ಆಳ್ವಿಕೆಯ ನೆಲೆಯಾಗಿದ್ದ ಬೆಟ್ಟದ ಕೋಟೆಯ ರಚನೆಯ ವಿವರಗಳೊಂದಿಗೆ, ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದಲ್ಲಿರುವ ಈ ಕೋಟೆಯನ್ನು ಹುಳಿಮಾವು, ಜಯನಗರ ಮುಂತಾದ ನಗರದ ದಕ್ಷಿಣ ಭಾಗದ ನಾಗರಿಕರು ಬೆಳಿಗ್ಗೆ ಬೇಗನೆ ಹೊರಟಲ್ಲಿ ಒಂದೇ ದಿನದಲ್ಲಿ ನೋಡಿ ಹಿಂದಿರುಗಬಹುದಾಗಿದೆ.

ನಾಯಕ ಮನೆತನದ ಮೂಲಪುರುಷನಾದ ಮತ್ತಿ ತಿಮ್ಮಣ್ಣ ನಾಯಕನು 16ನೆಯ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಅರಸರ ಅಧೀನನಾಗಿ ಚಿತ್ರದುರ್ಗವನ್ನು ಪಡೆದನು. ವಿಜಯನಗರದ ಪತನಾನಂತರ ಆತನ ವಂಶಜರು ಸ್ವತಂತ್ರರಾದರು. ಚಾಲುಕ್ಯ, ಹೊಯ್ಸಳ ಮತ್ತು ವಿಜಯನಗರ ಕಾಲದ ಕುರುಹುಗಳಿದ್ದ ಬೆಟ್ಟವನ್ನು ಪೂರ್ಣ ಪ್ರಮಾಣದ ದುರ್ಗವನ್ನಾಗಿಸಿದವರು ಈ ನಾಯಕರೇ. ಅವರಲ್ಲಿ ಬಿಚ್ಚುಗತ್ತಿ ಭರಮಣ್ಣ ನಾಯಕನ ಕಾಲದಲ್ಲಿ ದೇವಾಲಯಗಳು, ಕೆರೆಗಳು ಮತ್ತು ಬತೇರಿಗಳ ನಿರ್ಮಾಣ ವಿಶೇಷವಾಗಿ ನಡೆಯಿತು.

ಮದಕರಿ ನಾಯಕನು ಪಟ್ಟಕ್ಕೆ ಬಂದಾಗ ಇನ್ನೂ ಬಾಲಕನಾಗಿದ್ದನು. ಹಿಂದಿನ ಅರಸನಾದ ಕಸ್ತೂರಿ ರಂಗಪ್ಪ ನಾಯಕನಿಗೆ ಸಂತಾನವಿರದ ಕಾರಣ ರಾಜಮಾತೆ ಓಬವ್ವ ನಾಗತಿಯು ಜಾನಕಲ್ಲಿನಲ್ಲಿದ್ದ ದಾಯಾದಿ ಕುಟುಂಬದಿಂದ ಈತನನ್ನು ಆರಿಸಿ ತಂದು 1754ರಲ್ಲಿ ಪಟ್ಟ ಕಟ್ಟಿಸಿದಳೆಂದು ಪರಂಪರೆಯು ತಿಳಿಸುತ್ತದೆ. ಬಾಲಕನಿಗೆ ದೊರೆತ ರಾಜ್ಯವು ಸುಲಭವಾದುದಾಗಿರಲಿಲ್ಲ. ಪಶ್ಚಿಮದಲ್ಲಿ ಬಿದನೂರು, ಉತ್ತರದಿಂದ ಮೇಲಿಂದ ಮೇಲೆ ಬರುತ್ತಿದ್ದ ಮರಾಠರ ಸೈನ್ಯ, ದಕ್ಷಿಣದಲ್ಲಿ ಆಗಷ್ಟೇ ತಲೆಯೆತ್ತುತ್ತಿದ್ದ ಹೈದರ್ ಅಲಿ: ಈ ಮೂವರ ನಡುವೆ ಚಿತ್ರದುರ್ಗವಿತ್ತು.

ಇಂತಹ ರಾಜ್ಯವು ಉಳಿದು ಬಂದದ್ದು ಕೋಟೆಯ ಬಲದಿಂದ. ಇದನ್ನು ಏಳು ಸುತ್ತಿನ ಕೋಟೆ ಎಂದು ಕರೆಯಲಾಗುತ್ತದೆ. ಮೂರು ಸುತ್ತುಗಳು ತಗ್ಗಿನಲ್ಲಿಯೂ ನಾಲ್ಕು ಸುತ್ತುಗಳು ಬೆಟ್ಟದ ಮೇಲೆಯೂ ಇರುತ್ತವೆ. ಗೋಡೆಗಳನ್ನು ದೊಡ್ಡ ಗಾತ್ರದ ಕಣಶಿಲೆಯ ದಿಮ್ಮಿಗಳಿಂದ ಕಟ್ಟಲಾಗಿದ್ದು, ಹಲವು ಕಡೆ ಬೆಟ್ಟದ ಹೆಬ್ಬಂಡೆಯೇ ಗೋಡೆಯಾಗಿದೆ. ಬಾಗಿಲುಗಳು ಒಂದರ ಎದುರಿಗೆ ಮತ್ತೊಂದು ಬಾರದಂತೆ ದಾರಿಯನ್ನು ತಿರುವುಮುರುವಾಗಿ ಒಯ್ಯಲಾಗಿದೆ. ಆನೆಯನ್ನು ಓಡಿಸಿಕೊಂಡು ಬಂದು ಬಾಗಿಲು ಮುರಿಯಲು ಬೇಕಾಗುವಷ್ಟು ನೇರ ಜಾಗ ಶತ್ರುವಿಗೆ ದೊರೆಯಬಾರದೆಂಬುದು ಇದರ ಉದ್ದೇಶ. ಹುಳಿಮಾವಿನ ರಾಮಲಿಂಗೇಶ್ವರ ಗುಹಾ ದೇವಾಲಯವನ್ನು ಕಂಡವರಿಗೆ ಇಲ್ಲಿಯ ಹಿಡಿಂಬೇಶ್ವರ ಮತ್ತು ಸಂಪಿಗೆ ಸಿದ್ಧೇಶ್ವರ ಗುಡಿಗಳ ಬಂಡೆಗೆ ಒತ್ತಿಕೊಂಡ ರಚನೆಯು ಅಪರಿಚಿತವೆನಿಸದು.

ಈ ಲೇಖಕರ ಅಭಿಪ್ರಾಯದಲ್ಲಿ ಗೋಡೆಗಳಿಗಿಂತ ಮುಖ್ಯವಾದುದು ದಾಸ್ತಾನಿನ ವ್ಯವಸ್ಥೆ. ಬೆಟ್ಟದ ಮೇಲೆ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡದಲ್ಲಿ ತುಂಬಿ, ಹೆಚ್ಚಾದುದು ಅಕ್ಕ-ತಂಗಿಯರ ಹೊಂಡಕ್ಕೆ ಹರಿದು, ಅಲ್ಲಿಂದ ಕೆಳಗಿಳಿದು ಊರಿನ ಸಿಹಿನೀರು ಹೊಂಡ ಹಾಗೂ ಸಂತೆ ಹೊಂಡಗಳನ್ನು ಸೇರುತ್ತಿತ್ತು. ಒಂದು ಹನಿಯೂ ಲೆಕ್ಕ ತಪ್ಪುತ್ತಿರಲಿಲ್ಲವೆನ್ನಬಹುದು. ಧಾನ್ಯದ ಕಣಜಗಳು, ಎಣ್ಣೆ ಕೊಳ, ಮದ್ದು ಅರೆಯುತ್ತಿದ್ದ ಭಾರಿ ಬೀಸುಕಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಮಣ್ಣಿನಿಂದ ಕಟ್ಟಿದ್ದ ಅರಮನೆಯ ಮೋಟು ಗೋಡೆಗಳು ಮಾತ್ರ ಉಳಿದಿವೆ.

ನಾಯಕನ ಪಡೆಯು ಕೋಟೆಯ ಹೊರಗೂ ಹೆಸರು ಗಳಿಸಿತ್ತು. ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲಿ ದಾಬಸ್‌ಪೇಟೆಯ ಸಮೀಪ ಹೆದ್ದಾರಿಯಿಂದಲೇ ಕಾಣುವ ನಿಜಗಲ್ ಬೆಟ್ಟವು ಇದಕ್ಕೆ ಸಾಕ್ಷಿ. 1770ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯಕ್ಕೆ ವಶವಾಗದೆ ಉಳಿದಿದ್ದ ಅಲ್ಲಿಯ ಕೋಟೆಯನ್ನು ಮದಕರಿ ನಾಯಕನ ಬೇಡರ ಪಡೆಯು ಹತ್ತಿ ಗೆದ್ದುಕೊಟ್ಟಿತು. ಆದರೆ ಈ ಗೆಲುವಿನ ಬೆಲೆಯನ್ನೂ ಗಮನಿಸಬೇಕು. ನಿಜಗಲ್ ಮೈಸೂರಿನ ಕೋಟೆಯಾಗಿತ್ತು. ಹೈದರನಿಗೂ ನೆರವು, ಮರಾಠರಿಗೂ ನೆರವು ಎಂಬಂತೆ ಎರಡು ಖಾತೆಗಳನ್ನು ಏಕಕಾಲಕ್ಕೆ ನಡೆಸುವುದು ಸಣ್ಣ ರಾಜ್ಯಕ್ಕೆ ಅನಿವಾರ್ಯವಾಗಿತ್ತಾದರೂ, ಬಿದನೂರನ್ನು 1763ರಲ್ಲಿಯೇ ನುಂಗಿದ್ದ ಹೈದರನು ಈ ಬಾಕಿಯನ್ನು ಮರೆಯುವವನಾಗಿರಲಿಲ್ಲ.

1777ರಲ್ಲಿ ಹೈದರನು ಕೋಟೆಗೆ ಮುತ್ತಿಗೆ ಹಾಕಿದನು. ಮುತ್ತಿಗೆಯು ತಿಂಗಳುಗಟ್ಟಲೆ ನಡೆದರೂ ಕೋಟೆ ಬಗ್ಗಲಿಲ್ಲ. ಕರ್ನಲ್ ವಿಲ್ಕ್ಸ್ ತಮ್ಮ ಮೈಸೂರು ಇತಿಹಾಸದಲ್ಲಿ ದಾಖಲಿಸಿರುವಂತೆ, ಪ್ರತಿ ಸೋಮವಾರ ದೇವಿಯ ಪೂಜೆ ಮುಗಿಸಿದ ಬೇಡರು ಕೊಂಬು ಊದಿ ಹೊರಬಿದ್ದು ಎರಗುತ್ತಿದ್ದರು. ದಿನವೂ ವೇಳೆಯೂ ಶತ್ರುವಿಗೆ ಮೊದಲೇ ತಿಳಿದಿರುತ್ತಿದ್ದವು. ಎಲ್ಲಿ ಎರಗುವರೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಕಿಂಡಿಯೊಳಗೆ ನುಸುಳುತ್ತಿದ್ದ ಸೈನಿಕರನ್ನು ಒನಕೆಯಿಂದ ಬಡಿದ ಕಾವಲುಗಾರನ ಹೆಂಡತಿ ಓಬವ್ವಳ ಪ್ರಸಂಗವನ್ನೂ ಜನಪರಂಪರೆಯು ಹೈದರನ ಮುತ್ತಿಗೆಗೇ ಸೇರಿಸುತ್ತದೆ. 1972ರ ನಾಗರಹಾವು ಚಲನಚಿತ್ರದಿಂದ ಅದು ಮನೆಮಾತಾಯಿತು. ಕಡೆಗೆ ಮರಾಠರ ಸೈನ್ಯ ಸಮೀಪಿಸಿದ್ದರಿಂದ ಹೈದರನು ಭಾರಿ ಮೊತ್ತದ ಕಾಣಿಕೆಗೆ ಒಪ್ಪಿ ಮುತ್ತಿಗೆ ತೆಗೆದನು. ತರುವಾಯದ ಯುದ್ಧದಲ್ಲಿ ನಾಯಕನು ಹೈದರನ ನೆರವಿಗೆ ಪಡೆ ಕಳುಹಿಸದೆ ಮರಾಠರೇ ಗೆಲ್ಲುವರೆಂದು ಕಾದು ಕುಳಿತನು. ಅವರು ಗೆಲ್ಲಲಿಲ್ಲ.

1779ರಲ್ಲಿ ಹೈದರನು ಮರಳಿ ಬಂದನು. ಈ ಬಾರಿ ಕೋಟೆಯೊಳಗಿನ ಪಡೆಯ ಒಂದು ಭಾಗವು ಆತನೊಡನೆ ಗುಪ್ತವಾಗಿ ಕೈಜೋಡಿಸಿತು. ಹೊಂಡಗಳಲ್ಲಿ ನೀರಿದ್ದು, ಗೋಡೆಗಳು ನಿಂತಿದ್ದಂತೆಯೇ ದುರ್ಗವು ಕೈಬಿಟ್ಟಿತು. ಮದಕರಿ ನಾಯಕನನ್ನು ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಆತನು ಸೆರೆಯಲ್ಲಿಯೇ ಕೊನೆಯುಸಿರೆಳೆದನು. ಶಿಕ್ಷೆ ಅರಸನೊಬ್ಬನಿಗೇ ಸೀಮಿತವಾಗಲಿಲ್ಲ. ವಿಲ್ಕ್ಸ್ ಅವರ ಪ್ರಕಾರ ಸುಮಾರು 20,000 ಬೇಡರನ್ನು ಸ್ವಸ್ಥಳದಿಂದ ಕಿತ್ತು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ, ಅವರ ಗಂಡುಮಕ್ಕಳಿಂದ ಚೇಲಾ ಎಂಬ ಪಡೆಗಳನ್ನು ರಚಿಸಲಾಯಿತು. ಈ ಅವಸಾನವನ್ನೇ ವಸ್ತುವಾಗುಳ್ಳ ತ.ರಾ.ಸು. ಅವರ ದುರ್ಗಾಸ್ತಮಾನ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ.

ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣದ ಸಂರಕ್ಷಿತ ಸ್ಮಾರಕವಾಗಿರುತ್ತದೆ. ತಗ್ಗಿನ ಸುತ್ತುಗಳಿಗೆ ಅಂಟಿಕೊಂಡಂತೆ ಊರಿನ ಮನೆಗಳಿರುವುದರಿಂದ, ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವವರು ಗಮನಿಸತಕ್ಕದ್ದು: 2010ರಲ್ಲಿ ತಿದ್ದುಪಡಿಯಾದ 1958ರ ಕಾಯಿದೆಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅಲ್ಲಿಂದಾಚೆಗಿನ 200 ಮೀಟರ್‌ನಲ್ಲಿ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ.