ಫ್ಲೆಮಿಂಗ್ ಅವರ ಅಪ್ಪ ಚರ್ಚಿಲ್‌ರನ್ನು ಕಾಪಾಡಿದ್ದು ನಿಜವೇ? ಪೆನಿಸಿಲಿನ್ ಕಂಡವರ ಅಸಲಿ ಕಥೆ

ಒಬ್ಬ ಬಡ ರೈತ, ಕೆಸರಿನಲ್ಲಿ ಹೂತುಹೋಗುತ್ತಿದ್ದ ಶ್ರೀಮಂತರ ಹುಡುಗನನ್ನು ಎಳೆದು ಉಳಿಸುತ್ತಾನೆ. ಆ ಋಣ ತೀರಿಸಲು ಶ್ರೀಮಂತ, ರೈತನ ಮಗನನ್ನು ಓದಿಸುತ್ತಾನೆ. ಬದುಕಿದ ಹುಡುಗ ವಿನ್‌ಸ್ಟನ್ ಚರ್ಚಿಲ್, ಓದಿದ ಹುಡುಗ ಅಲೆಕ್ಸಾಂಡರ್ ಫ್ಲೆಮಿಂಗ್. ಮುಂದೆ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಚರ್ಚಿಲ್ ಜೀವ ಉಳಿಸುತ್ತದೆ. ಮಾಡಿದ ಉಪಕಾರ ತಿರುಗಿ ಬರುತ್ತದೆ ಎಂಬ ನೀತಿಯ ಜೊತೆ ಈ ಮೆಸೇಜ್ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಕೇಳಲು ಚೆಂದ. ಆದರೆ ನಡೆದದ್ದು ಹಾಗಲ್ಲ.

ಫ್ಲೆಮಿಂಗ್ ಹುಟ್ಟಿದ್ದು 1881ರಲ್ಲಿ, ಸ್ಕಾಟ್ಲೆಂಡಿನ ರೈತ ಕುಟುಂಬದಲ್ಲಿ. ಇಷ್ಟು ಮಾತ್ರ ನಿಜ. ಅವರಿಗೆ 7 ವರ್ಷವಿದ್ದಾಗಲೇ ತಂದೆ ತೀರಿಕೊಂಡರು. ಹದಿಹರೆಯದಲ್ಲಿ ಲಂಡನ್ನಿಗೆ ಹೋಗಿ ಹಡಗು ಕಂಪನಿಯೊಂದರ ಕಚೇರಿಯಲ್ಲಿ ನಾಲ್ಕು ವರ್ಷ ಗುಮಾಸ್ತರಾಗಿ ದುಡಿದರು. ತಮ್ಮದೇ ಸಂಬಂಧಿಯೊಬ್ಬರ ಆಸ್ತಿಯಲ್ಲಿ ಪಾಲು ಬಂದ ಮೇಲೆ ಸೇಂಟ್ ಮೇರಿಸ್ ವೈದ್ಯಕೀಯ ಶಾಲೆ ಸೇರಿದರು. ಚರ್ಚಿಲ್ ಕುಟುಂಬದ ಹಣ ಇದರಲ್ಲಿ ಎಲ್ಲಿಯೂ ಇಲ್ಲ. 1943ರ ಡಿಸೆಂಬರಿನಲ್ಲಿ ಚರ್ಚಿಲ್‌ಗೆ ನ್ಯುಮೋನಿಯಾ ಆದಾಗ ವೈದ್ಯರು ಕೊಟ್ಟಿದ್ದು ಸಲ್ಫಾ ಗುಂಪಿನ ಮಾತ್ರೆ, ಪೆನಿಸಿಲಿನ್ ಅಲ್ಲ. ಈ ಕಥೆ ಫ್ಲೆಮಿಂಗ್ ಕಿವಿಗೂ ಬಿದ್ದಿತ್ತು. ಇದು ಕಟ್ಟುಕಥೆ ಎಂದು ಅವರೇ ಪತ್ರವೊಂದರಲ್ಲಿ ಬರೆದಿದ್ದರು.

ಅಸಲಿ ಕಥೆ ಇದಕ್ಕಿಂತ ರೋಚಕ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿದ್ದ ಫ್ಲೆಮಿಂಗ್, ಗಾಯ ಕೀವುಗಟ್ಟಿ ಸೈನಿಕರು ಸಾಯುವುದನ್ನು ಕಂಡರು. ಆಳವಾದ ಗಾಯಕ್ಕೆ ಸುರಿಯುತ್ತಿದ್ದ ಕ್ರಿಮಿನಾಶಕಗಳು ರೋಗಾಣುಗಳಿಗಿಂತ ಹೆಚ್ಚಾಗಿ ನಮ್ಮ ಬಿಳಿರಕ್ತಕಣಗಳನ್ನೇ ಕೊಲ್ಲುತ್ತಿದ್ದವು. ದೇಹಕ್ಕೆ ಪೆಟ್ಟಾಗದೆ ರೋಗಾಣು ಮಾತ್ರ ಸಾಯುವ ವಸ್ತು ಬೇಕಿತ್ತು.

1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಪ್ರಯೋಗಾಲಯಕ್ಕೆ ಬಂದಾಗ, ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ಗಾಜಿನ ತಟ್ಟೆಗೆ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿಹೋಗಿದ್ದವು. ಬೂಷ್ಟಿನಿಂದ ಒಸರುತ್ತಿದ್ದ ಆ ವಸ್ತುವಿಗೆ ಅವರು ಪೆನಿಸಿಲಿನ್ ಎಂದು ಹೆಸರಿಟ್ಟರು. ಆದರೆ ಅದನ್ನು ಶುದ್ಧ ಮಾಡಿ ಔಷಧಿಯಾಗಿಸಲು ಅವರಿಂದ ಆಗಲಿಲ್ಲ. ಆ ಕೆಲಸವನ್ನು ಸುಮಾರು ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡ್‌ನಲ್ಲಿ ಹೊವಾರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್ ಮತ್ತು ಅವರ ತಂಡ ಮಾಡಿತು. 1941ರಲ್ಲಿ ಅವರು ಚಿಕಿತ್ಸೆ ಕೊಟ್ಟ ಮೊದಲ ರೋಗಿಗಳಲ್ಲಿ ಒಬ್ಬ ಪೊಲೀಸ್ ಪೇದೆ ಚೇತರಿಸಿಕೊಳ್ಳತೊಡಗಿದ್ದರು. ಅಷ್ಟರಲ್ಲಿ ಔಷಧಿ ಮುಗಿಯಿತು. ಅವರ ಮೂತ್ರದಿಂದಲೇ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರೂ ಸಾಲಲಿಲ್ಲ, ಅವರು ಬದುಕಲಿಲ್ಲ. 1945ರ ನೊಬೆಲ್ ಪ್ರಶಸ್ತಿಯನ್ನು ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರೂ ಹಂಚಿಕೊಂಡರು.

ಪೆನಿಸಿಲಿನ್ ಕೆಲಸ ಮಾಡುವುದು ಹೇಗೆ? ಬ್ಯಾಕ್ಟೀರಿಯಾಕ್ಕೆ ಗಟ್ಟಿಯಾದ ಹೊರಗೋಡೆ ಇರುತ್ತದೆ. ಪೆನಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತದೆ. ಗೋಡೆ ದುರ್ಬಲವಾಗಿ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ, ಹಾಗಾಗಿ ಅವುಗಳಿಗೆ ಪೆಟ್ಟಿಲ್ಲ. ವೈರಸ್‌ಗೂ ಆ ಗೋಡೆ ಇಲ್ಲ. ಆದ್ದರಿಂದಲೇ ನೆಗಡಿ, ಫ್ಲೂಗೆ ಇದು ನಾಟುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಅಮಾಕ್ಸಿಸಿಲಿನ್ ಕೂಡ ಇದೇ ಕುಟುಂಬದ್ದು.

ಹಾಗೆಂದು ಅಡ್ಡಪರಿಣಾಮ ಇಲ್ಲವೆಂದಲ್ಲ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುವುದರಿಂದ ಭೇದಿ ಆಗಬಹುದು. ಕೆಲವರಿಗೆ ಅಲರ್ಜಿಯಿಂದ ಮೈಮೇಲೆ ದದ್ದು ಏಳುತ್ತದೆ. ಅಪರೂಪಕ್ಕೆ ಮುಖ, ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ. ಇದು ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಓಡಬೇಕು. ಹಿಂದೆ ಅಲರ್ಜಿ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಇನ್ನೊಂದು ಅಪಾಯವನ್ನು ಫ್ಲೆಮಿಂಗ್ ತಮ್ಮ ನೊಬೆಲ್ ಭಾಷಣದಲ್ಲೇ ಹೇಳಿದ್ದರು. ಅದಕ್ಕೆ ಅವರು ಒಂದು ಉದಾಹರಣೆ ಕೊಟ್ಟರು. ಗಂಟಲು ನೋವಿಗೆಂದು ಒಬ್ಬ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ರೋಗಾಣುಗಳು ಸಾಯುವುದಿಲ್ಲ, ಔಷಧಿಯನ್ನು ಎದುರಿಸುವುದನ್ನು ಕಲಿಯುತ್ತವೆ. ಅವು ಹೆಂಡತಿಗೆ ಅಂಟುತ್ತವೆ. ಆಕೆಗೆ ನ್ಯುಮೋನಿಯಾ ಆದಾಗ ಪೆನಿಸಿಲಿನ್ ನಾಟದೆ ಆಕೆ ಸಾಯುತ್ತಾಳೆ. ತಪ್ಪು ಅವನದು, ಜೀವ ಅವಳದು. 1940ರ ದಶಕ ಮುಗಿಯುವ ಮೊದಲೇ ಲಂಡನ್ನಿನ ಆಸ್ಪತ್ರೆಗಳಲ್ಲಿ ಪೆನಿಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕಾಣಿಸಿಕೊಂಡವು.

ಫ್ಲೆಮಿಂಗ್ 1955ರಲ್ಲಿ ತೀರಿಕೊಂಡರು. ಅವರ ಎಚ್ಚರಿಕೆ ಇಂದು ನಮ್ಮ ಮನೆಗಳಿಗೇ ಅನ್ವಯಿಸುತ್ತದೆ. ಹೋದ ಸಲ ಉಳಿದ ಮಾತ್ರೆ ನುಂಗುವುದು, ಪಕ್ಕದ ಮನೆಯವರ ಚೀಟಿ ತೋರಿಸಿ ಔಷಧಿ ತರುವುದು, ಜ್ವರ ಬಿಟ್ಟಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸುವುದು, ಇವು ಬೇಡ. ಆ ಕೆಸರಿನ ಕಥೆ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಅದರ ಬದಲು ಗಂಡ ಹೆಂಡತಿಯ ಈ ಉದಾಹರಣೆಯನ್ನು ಕಳುಹಿಸಿ. ಇದನ್ನು ಹೇಳಿದ್ದು ನಿಜಕ್ಕೂ ಫ್ಲೆಮಿಂಗ್ ಅವರೇ.