ಫ್ರಾನ್ಸಿಸ್ ಬ್ಯಾನರ್ಮನ್

ಆರನೆಯ ಫ್ರಾನ್ಸಿಸ್ ಬ್ಯಾನರ್ಮನ್ (ಮಾರ್ಚ್ 24, 1851 – ನವೆಂಬರ್ 26, 1918) ಸ್ಕಾಟ್‌ಲೆಂಡ್‌ನಲ್ಲಿ ಜನಿಸಿದ ಅಮೆರಿಕನ್ ವರ್ತಕರು. ಸೇನೆಗಳು ಕೈಬಿಟ್ಟ ರೈಫಲ್, ಖಡ್ಗ, ಫಿರಂಗಿ, ಸಮವಸ್ತ್ರ ಮೊದಲಾದ ಸಾಮಗ್ರಿಗಳನ್ನು ಹರಾಜಿನಲ್ಲಿ ಕೊಂಡು ಸಾರ್ವಜನಿಕರಿಗೆ ಮಾರುವ ವ್ಯಾಪಾರವನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದವರಲ್ಲಿ ಇವರು ಪ್ರಮುಖರು. ನ್ಯೂಯಾರ್ಕ್ ನಗರದ ಬ್ರಾಡ್‌ವೇಯಲ್ಲಿದ್ದ ಇವರ ಮಳಿಗೆಯೂ, ಅಂಚೆಯ ಮೂಲಕ ಕಳುಹಿಸುತ್ತಿದ್ದ ಸಚಿತ್ರ ಕ್ಯಾಟಲಾಗ್ ಕೂಡ ಹಳೆಯ ಸೇನಾ ಬಂದೂಕುಗಳನ್ನು ಸಾಮಾನ್ಯ ನಾಗರಿಕರ ಕೈಗೆ ತಲುಪಿಸಿದವು. ಹಡ್ಸನ್ ನದಿಯ ಪೊಲೆಪೆಲ್ ದ್ವೀಪದಲ್ಲಿ ಇವರು ಕಟ್ಟಿಸಿದ ಕೋಟೆಯಾಕಾರದ ಉಗ್ರಾಣವು ಬ್ಯಾನರ್ಮನ್ ಕೋಟೆ ಎಂದು ಪ್ರಸಿದ್ಧವಾಗಿದೆ.

ಜನನ ಮತ್ತು ಬಾಲ್ಯ

ಬ್ಯಾನರ್ಮನ್ ಸ್ಕಾಟ್‌ಲೆಂಡ್‌ನ ಡಂಡೀ ಪಟ್ಟಣದಲ್ಲಿ ಜನಿಸಿದರು. 1692ರ ಗ್ಲೆಂಕೋ ಹತ್ಯಾಕಾಂಡದಿಂದ ಪಾರಾದ ಪೂರ್ವಜನೊಬ್ಬನಿಂದ ತಮ್ಮ ವಂಶ ಬೆಳೆಯಿತೆಂಬುದು ಈ ಮನೆತನದ ಐತಿಹ್ಯ. ಹಿರಿಯ ಮಗನಿಗೆ ಫ್ರಾನ್ಸಿಸ್ ಎಂಬ ಹೆಸರನ್ನೇ ಇಡುವ ರೂಢಿ ಕುಟುಂಬದಲ್ಲಿ ನಡೆದುಬಂದಿತ್ತು. ಇವರ ಹೆಸರಿನೊಂದಿಗೆ ಆರನೆಯ ಎಂಬ ಸಂಖ್ಯೆ ಸೇರಿರುವುದಕ್ಕೆ ಇದೇ ಕಾರಣ. 1854ರಲ್ಲಿ ಕುಟುಂಬವು ಅಮೆರಿಕಕ್ಕೆ ವಲಸೆ ಬಂದು, ಮುಂದೆ ನ್ಯೂಯಾರ್ಕ್ ಬಳಿಯ ಬ್ರೂಕ್ಲಿನ್‌ನಲ್ಲಿ ನೆಲೆಸಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ತಂದೆ ಉತ್ತರದ ಒಕ್ಕೂಟದ ನೌಕಾಪಡೆಯನ್ನು ಸೇರಿದರು. ಮನೆಯ ಹೊಣೆ ಹತ್ತು ವರ್ಷದ ಬಾಲಕನ ಮೇಲೂ ಬಿದ್ದು, ಶಾಲೆ ಬಿಡಬೇಕಾಯಿತು. ಬಾಲಕ ಬ್ಯಾನರ್ಮನ್ ವಕೀಲರೊಬ್ಬರ ಕಚೇರಿಯಲ್ಲಿ ವಾರಕ್ಕೆ 2 ಡಾಲರ್ ಸಂಬಳಕ್ಕೆ ದುಡಿದರು. ಬಂದರಿನಲ್ಲಿ ನಿಂತ ಹಡಗುಗಳಿಗೆ ವೃತ್ತಪತ್ರಿಕೆ ಮಾರಿದರು. ಬಿಡುವಿನಲ್ಲಿ ನೀರಿಗೆ ಕೊಕ್ಕೆ ಇಳಿಬಿಟ್ಟು ತಳದಲ್ಲಿ ಬಿದ್ದಿದ್ದ ಹಗ್ಗ, ಸರಪಳಿ, ಕಬ್ಬಿಣದ ಚೂರುಗಳನ್ನು ಎತ್ತಿ ಗುಜರಿ ವ್ಯಾಪಾರಿಗಳಿಗೆ ಮಾರುವುದನ್ನೂ ಕಲಿತರು. ಇತರರು ಬಿಸಾಡಿದ ವಸ್ತುವಿಗೂ ಬೆಲೆ ಇರುತ್ತದೆಂಬ ಅರಿವು ಅವರಿಗೆ ಮೊದಲು ಉಂಟಾದದ್ದು ಈ ಕೆಲಸದಿಂದ.

ವ್ಯಾಪಾರದ ಆರಂಭ

1865ರಲ್ಲಿ ಅಂತರ್ಯುದ್ಧ ಮುಗಿದಾಗ ಸರ್ಕಾರದ ಬಳಿ ಲಕ್ಷಾಂತರ ಬಂದೂಕುಗಳು ಉಳಿದಿದ್ದವು. ಸೇವೆಯಿಂದ ಬಿಡುಗಡೆಯಾದ ಸೈನಿಕರು ತಮ್ಮ ಆಯುಧಗಳನ್ನು ಹಣ ಕೊಟ್ಟು ಮನೆಗೆ ಒಯ್ಯಲು ಸರ್ಕಾರ ಅನುಮತಿ ನೀಡಿತು. ಮಸ್ಕೆಟ್ ಒಂದಕ್ಕೆ 6 ಡಾಲರ್, ಸ್ಪೆನ್ಸರ್ ಕಾರ್ಬೈನ್ ಒಂದಕ್ಕೆ 10 ಡಾಲರ್ ದರ ನಿಗದಿಯಾಗಿತ್ತು. ಹೀಗೆ ಮಾರಾಟವಾಗದೆ ಉಳಿದ ಸಾಮಗ್ರಿಗಳನ್ನು ಸೇನೆ ಮತ್ತು ನೌಕಾಪಡೆಗಳು ಹರಾಜು ಹಾಕತೊಡಗಿದವು.

ತಂದೆ ಯುದ್ಧದಿಂದ ಮರಳಿದ ಮೇಲೆ ಕುಟುಂಬವು ಬ್ರೂಕ್ಲಿನ್ ನೌಕಾನೆಲೆಯ ಸಮೀಪದಲ್ಲಿ ಅಂಗಡಿ ತೆರೆದು, ನೌಕಾಪಡೆಯ ಹರಾಜಿನಲ್ಲಿ ಕೊಂಡ ಹಗ್ಗ, ಹಾಯಿಬಟ್ಟೆ, ಹಡಗಿನ ಸಲಕರಣೆಗಳನ್ನು ಮಾರತೊಡಗಿತು. ಆ ಕಾಲದಲ್ಲಿ ಹರಾಜಿಗೆ ಬಂದ ಬಂದೂಕುಗಳಲ್ಲಿ ಬಹುಪಾಲು ಗುಜರಿಯವರ ಪಾಲಾಗುತ್ತಿದ್ದವು. ಅವರು ನಳಿಗೆಯ ಕಬ್ಬಿಣವನ್ನೂ ಹಿತ್ತಾಳೆಯ ಬಿಡಿಭಾಗಗಳನ್ನೂ ಕರಗಿಸಿ ತೂಕದ ಲೆಕ್ಕದಲ್ಲಿ ಮಾರುತ್ತಿದ್ದರು. ಬಂದೂಕನ್ನು ಒಡೆಯದೆ ಇಡಿಯಾಗಿ ಮಾರಿದರೆ ಲೋಹದ ಬೆಲೆಗಿಂತ ಹೆಚ್ಚು ಹಣ ದೊರೆಯುತ್ತದೆಂಬುದನ್ನು ಬ್ಯಾನರ್ಮನ್ ಗುರುತಿಸಿದರು. ಅವರ ಮುಂದಿನ ಏಳಿಗೆಗೆಲ್ಲ ಈ ಲೆಕ್ಕಾಚಾರವೇ ಆಧಾರವಾಯಿತು.

1872ರಲ್ಲಿ ಯೂರೋಪ್ ಪ್ರವಾಸದಲ್ಲಿದ್ದಾಗ ಐರ್ಲೆಂಡ್‌ನಲ್ಲಿ ಹೆಲೆನ್ ಬಾಯ್ಸ್ ಅವರ ಪರಿಚಯವಾಗಿ, ಅದೇ ವರ್ಷ ಅವರನ್ನು ವಿವಾಹವಾದರು. ಮಕ್ಕಳಲ್ಲಿ ಫ್ರಾಂಕ್ ಮತ್ತು ಡೇವಿಡ್ ಮುಂದೆ ತಂದೆಯ ವ್ಯಾಪಾರವನ್ನು ಸೇರಿದರು. 1890ರಲ್ಲಿ ಬ್ಯಾನರ್ಮನ್ ಸ್ಪೆನ್ಸರ್ ಆರ್ಮ್ಸ್ ಕಂಪನಿಯ ಆಸ್ತಿಯನ್ನು ಖರೀದಿಸಿ, ಆ ಕಂಪನಿಯ ಪಂಪ್ ಮಾದರಿಯ ಷಾಟ್‌ಗನ್‌ಗಳ ತಯಾರಿಕೆಯನ್ನು ಮುಂದುವರಿಸಿದರು. ಮಾರಾಟಗಾರರಾಗಿದ್ದವರು ಇದರಿಂದ ತಯಾರಕರೂ ಆದರು.

ಸ್ಪ್ಯಾನಿಷ್–ಅಮೆರಿಕನ್ ಯುದ್ಧ

1898ರ ಸ್ಪ್ಯಾನಿಷ್–ಅಮೆರಿಕನ್ ಯುದ್ಧವು ಬ್ಯಾನರ್ಮನ್ ಅವರ ವ್ಯಾಪಾರಕ್ಕೆ ಹೊಸ ತಿರುವು ನೀಡಿತು. ಆ ವೇಳೆಗೆ ಅಮೆರಿಕದ ಕಾಯಂ ಸೇನೆಗೆ ಹೊಗೆರಹಿತ ಮದ್ದಿನ ಕ್ರ್ಯಾಗ್–ಯೋರ್ಗೆನ್ಸನ್ ರೈಫಲ್ ಬಂದಿತ್ತು. ಆದರೆ ಸ್ವಯಂಸೇವಕ ದಳಗಳಲ್ಲಿ ಹೆಚ್ಚಿನವು ಕರಿಮದ್ದಿನ ತೋಟಾ ಬಳಸುವ ಹಳೆಯ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳನ್ನೇ ಹೊತ್ತು ಕ್ಯೂಬಾಕ್ಕೆ ತೆರಳಿದವು. ಒಂದು ಗುಂಡು ಹಾರಿಸಿದೊಡನೆ ಏಳುತ್ತಿದ್ದ ದಟ್ಟ ಹೊಗೆಯು ಸೈನಿಕರ ನೆಲೆಯನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು. ಎದುರಾಳಿ ಸ್ಪೇನ್ ಸೈನಿಕರ ಕೈಯಲ್ಲಿ 7 ಮಿ.ಮೀ. ವ್ಯಾಸದ, ಹೊಗೆರಹಿತ ತೋಟಾದ ಮೌಸರ್ ರೈಫಲ್‌ಗಳಿದ್ದವು.

ಯುದ್ಧದ ಅನುಭವವು ಸ್ಪ್ರಿಂಗ್‌ಫೀಲ್ಡ್ ರೈಫಲ್‌ನ ಸೇನಾಜೀವನವನ್ನು ಬಹುಮಟ್ಟಿಗೆ ಮುಗಿಸಿತು. ಸ್ಪೇನ್‌ನಿಂದ ವಶಪಡಿಸಿಕೊಂಡ ಸಾಮಗ್ರಿಯೂ ಮಾರಾಟಕ್ಕೆ ಬಂದಿತು. ಮೊಹರು ಮಾಡಿದ ಟೆಂಡರ್ ಸಲ್ಲಿಸಿದ ಬ್ಯಾನರ್ಮನ್ ಅದರ ಶೇಕಡ 90ರಷ್ಟನ್ನು ಕೊಂಡರೆಂದು ಹೇಳಲಾಗುತ್ತದೆ. ರೈಫಲ್‌ಗಳೊಂದಿಗೆ ಅಪಾರ ಪ್ರಮಾಣದ ತೋಟಾಗಳೂ ಬಂದುದರಿಂದ, ಅಷ್ಟೊಂದು ಸಿಡಿಮದ್ದನ್ನು ಜನನಿಬಿಡ ನಗರದೊಳಗೆ ಇರಿಸುವುದು ಅಸಾಧ್ಯವಾಯಿತು.

ಪೊಲೆಪೆಲ್ ದ್ವೀಪದ ಕೋಟೆ

ನಗರದಿಂದ ದೂರದಲ್ಲಿ ಸುರಕ್ಷಿತ ಸ್ಥಳ ಹುಡುಕುತ್ತಿದ್ದಾಗ, ಹಡ್ಸನ್ ನದಿಯಲ್ಲಿ ದೋಣಿಯಾನ ಮಾಡಿದ್ದ ಮಗ ಡೇವಿಡ್ ಪೊಲೆಪೆಲ್ ದ್ವೀಪವನ್ನು ಕಂಡರು. ನ್ಯೂಯಾರ್ಕ್ ನಗರದಿಂದ ಸುಮಾರು 50 ಮೈಲಿ ಉತ್ತರಕ್ಕಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 6.5 ಎಕರೆ. ಬ್ಯಾನರ್ಮನ್ 1900ರಲ್ಲಿ ಅದನ್ನು ಕೊಂಡು, 1901ರಿಂದ ಕಟ್ಟಡ ಕಾರ್ಯ ಆರಂಭಿಸಿದರು. ಸ್ಕಾಟ್‌ಲೆಂಡ್‌ನ ಹಳೆಯ ಕೋಟೆಗಳ ಮಾದರಿಯಲ್ಲಿ ಉಗ್ರಾಣದ ವಿನ್ಯಾಸವನ್ನು ಬಹುಪಾಲು ಅವರೇ ರೂಪಿಸಿದರು. ನದಿಯಲ್ಲಿ ಸಾಗುವವರಿಗೆ ಕಾಣುವಂತೆ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಶಸ್ತ್ರಾಗಾರದ ಹೆಸರನ್ನು ಮೂಡಿಸಲಾಯಿತು. ಉಗ್ರಾಣವು ಇದರಿಂದ ಜಾಹೀರಾತಿನ ಕೆಲಸವನ್ನೂ ಮಾಡಿತು. ದ್ವೀಪದ ಎತ್ತರದ ಭಾಗದಲ್ಲಿ ಕುಟುಂಬಕ್ಕಾಗಿ ಚಿಕ್ಕ ನಿವಾಸವೊಂದು ನಿರ್ಮಾಣವಾಯಿತು.

ಕ್ಯಾಟಲಾಗ್ ಮತ್ತು ಸಂಗ್ರಾಹಕರು

1905ರಲ್ಲಿ ವ್ಯಾಪಾರವು ಬ್ರಾಡ್‌ವೇಯ 501ನೇ ಸಂಖ್ಯೆಯ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಮಾರಾಟದ ಸರಕಿನೊಂದಿಗೆ ಪ್ರಾಚೀನ ಆಯುಧಗಳ ಪ್ರದರ್ಶನವೂ ಅಲ್ಲಿತ್ತು. ನಗರಕ್ಕೆ ಬರಲಾಗದ ಗ್ರಾಹಕರಿಗೆ ಕ್ಯಾಟಲಾಗ್ ತಲುಪುತ್ತಿತ್ತು. ಕಾಲಕ್ರಮೇಣ 300ಕ್ಕೂ ಹೆಚ್ಚು ಪುಟಗಳಿಗೆ ಬೆಳೆದ ಈ ಗ್ರಂಥದಲ್ಲಿ ಚಕಮಕಿ ಕಲ್ಲಿನ ಕೋವಿಯಿಂದ ಹಿಡಿದು ಫಿರಂಗಿಯವರೆಗೆ ಪ್ರತಿಯೊಂದರ ಚಿತ್ರ, ಬೆಲೆ ಮತ್ತು ಚಿಕ್ಕ ಇತಿಹಾಸ ಇರುತ್ತಿತ್ತು. ಆಯುಧಗಳ ಇತಿಹಾಸದ ಬಗ್ಗೆ ಪುಸ್ತಕಗಳು ವಿರಳವಾಗಿದ್ದ ಆ ದಿನಗಳಲ್ಲಿ ಅನೇಕ ಸಂಗ್ರಾಹಕರಿಗೆ ಇದೇ ಮೊದಲ ಪಠ್ಯವಾಯಿತು. ರಂಗಭೂಮಿಯ ತಂಡಗಳು ಮತ್ತು ಚಿತ್ರಕಲಾವಿದರು ಕೂಡ ಗ್ರಾಹಕರಾಗಿದ್ದರು.

ಅಮೆರಿಕದ ನಾಗರಿಕರಿಗೆ ಸೇನಾ ರೈಫಲ್ ಪಡೆಯಲು ಆಗ ಮತ್ತೊಂದು ದಾರಿಯೂ ಇತ್ತು. ಗುರಿ ಅಭ್ಯಾಸವನ್ನು ಪ್ರೋತ್ಸಾಹಿಸಲು 1903ರಲ್ಲಿ ರಾಷ್ಟ್ರೀಯ ಮಂಡಳಿಯೊಂದು ಸ್ಥಾಪನೆಯಾಯಿತು. 1905ರ ಕಾಯ್ದೆಯು ಅರ್ಹ ರೈಫಲ್ ಕ್ಲಬ್‌ಗಳಿಗೆ ಹೆಚ್ಚುವರಿ ಸೇನಾ ರೈಫಲ್ ಮತ್ತು ತೋಟಾಗಳನ್ನು ಅಸಲು ಬೆಲೆಗೆ ಮಾರಲು ಅವಕಾಶ ನೀಡಿತು. ಅದು ಕ್ಲಬ್ಬಿನ ಮೂಲಕ ಸಾಗುವ ದಾರಿ. ಬ್ಯಾನರ್ಮನ್ ಅವರ ಮಳಿಗೆಯಲ್ಲಿ ಕೊಳ್ಳಲು ಯಾವ ಸದಸ್ಯತ್ವವೂ ಬೇಕಿರಲಿಲ್ಲ. ಆದರೂ ಅಪ್ರಾಪ್ತ ವಯಸ್ಕರಿಗೆ ಬಂದೂಕು ಮಾರುವುದಿಲ್ಲವೆಂದೂ, ಸಾರ್ವಜನಿಕ ಸುರಕ್ಷತೆಗೆ ಅಪಾಯ ತರುವರೆಂದು ತೋರಿದವರಿಗೆ ಕೊಡುವುದಿಲ್ಲವೆಂದೂ ಅವರು ಪ್ರಕಟಿಸಿದ್ದರು.

ಜೋಡಣೆ ರೈಫಲ್‌ಗಳು ಮತ್ತು ಸುರಕ್ಷತೆ

ಬ್ಯಾನರ್ಮನ್ ಸಂಸ್ಥೆಯು ಕೊಂಡದ್ದನ್ನೆಲ್ಲ ಇದ್ದಂತೆಯೇ ಮಾರಲಿಲ್ಲ. ಒಂದು ಬಂದೂಕಿನ ನಳಿಗೆ, ಇನ್ನೊಂದರ ಕುದುರೆ, ಮತ್ತೊಂದರ ಮರದ ಹಿಡಿಯನ್ನು ಸೇರಿಸಿ ಹೊಸ ಬಂದೂಕು ಸಿದ್ಧಪಡಿಸುವುದು, ಉದ್ದನೆಯ ಮಸ್ಕೆಟ್‌ಗಳನ್ನು ಕತ್ತರಿಸಿ ಗಿಡ್ಡ ಮಾಡುವುದು ಅಲ್ಲಿ ಸಾಮಾನ್ಯವಾಗಿತ್ತು. ಅಗ್ಗದ ಬಂದೂಕು ಬೇಕಿದ್ದ ಕೃಷಿಕನಿಗೆ ಇದರಿಂದ ಅನುಕೂಲವಾಯಿತು. ಆದರೆ ಮೂಲ ರೂಪವನ್ನು ಬಯಸುವ ಇಂದಿನ ಸಂಗ್ರಾಹಕರಿಗೆ ಇಂತಹ ಜೋಡಣೆಯ ಬಂದೂಕನ್ನು ಅಸಲಿಯಿಂದ ಬೇರ್ಪಡಿಸುವುದೇ ಒಂದು ಸಮಸ್ಯೆಯಾಗಿದೆ. ಬಿಡಿಭಾಗಗಳ ಮೇಲಿನ ಕ್ರಮಸಂಖ್ಯೆ ಮತ್ತು ತಪಾಸಣಾ ಮುದ್ರೆಗಳು ಪರಸ್ಪರ ಹೊಂದುತ್ತವೆಯೇ ಎಂದು ಅವರು ಪರಿಶೀಲಿಸುತ್ತಾರೆ.

ಹಳೆಯ ಸೇನಾ ರೈಫಲ್‌ನಿಂದ ಗುಂಡು ಹಾರಿಸುವವರಿಗೆ ಈ ಪ್ರಶ್ನೆ ಬೆಲೆಗಷ್ಟೇ ಸೀಮಿತವಲ್ಲ. ಕರಿಮದ್ದಿಗಾಗಿ ತಯಾರಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೆಚ್ಚು ಒತ್ತಡದ ಆಧುನಿಕ ತೋಟಾ ಬಳಸಿದರೆ ರೈಫಲ್ ಒಡೆಯುವ ಅಪಾಯವಿದೆ. ಬ್ಯಾನರ್ಮನ್ ಅವರ ಮರಣಾನಂತರ ಸಂಸ್ಥೆಯು ಮಾರಿದ ಮೋಸಿನ್–ನಾಗಾಂತ್ ರೈಫಲ್‌ಗಳು ಇದಕ್ಕಿಂತ ಕುಖ್ಯಾತವಾದವು. ರಷ್ಯಾದ ತೋಟಾಕ್ಕಾಗಿ ರಚಿತವಾದ ಈ ರೈಫಲ್‌ಗಳನ್ನು ಅಮೆರಿಕದಲ್ಲಿ ಸುಲಭವಾಗಿ ದೊರೆಯುವ .30-06 ತೋಟಾಕ್ಕೆ ಹೊಂದಿಸಲಾಗಿತ್ತು. ರಷ್ಯಾದ ತೋಟಾ ಗಿಡ್ಡ, ಆದರೆ ಬುಡದಲ್ಲಿ ದಪ್ಪ. ಅಮೆರಿಕದ್ದು ಉದ್ದ, ಆದರೆ ತೆಳು. ತೋಟಾ ಕೂರುವ ಗೂಡನ್ನು ಉದ್ದಕ್ಕೆ ಕೊರೆಯಬಹುದೇ ಹೊರತು ಅದರ ಬುಡದ ಅಗಲವನ್ನು ಕಿರಿದುಗೊಳಿಸಲಾಗದು. ಆದ್ದರಿಂದ ಗುಂಡು ಹಾರಿದಾಗ ಹಿತ್ತಾಳೆಯ ಕವಚಕ್ಕೆ ಬುಡದಲ್ಲಿ ಆಸರೆಯಿಲ್ಲದೆ ಅದು ಉಬ್ಬುತ್ತದೆ. ಕವಚ ಸೀಳಿದರೆ ಬಿಸಿ ಅನಿಲವು ಬಂದೂಕು ಹಿಡಿದವರ ಮುಖದತ್ತಲೇ ನುಗ್ಗಬಹುದು. ಈ ರೈಫಲ್‌ಗಳನ್ನು ಹಾರಿಸಬಾರದೆಂಬುದು ತಜ್ಞರ ಸಾಮಾನ್ಯ ಎಚ್ಚರಿಕೆ.

ವ್ಯಕ್ತಿತ್ವ

ಬ್ಯಾನರ್ಮನ್ ಪ್ರೆಸ್ಬಿಟೇರಿಯನ್ ಪಂಥದ ಶ್ರದ್ಧಾವಂತ ಕ್ರೈಸ್ತರಾಗಿದ್ದು, ಬಾಲಕರಿಗಾಗಿ ನಡೆಯುತ್ತಿದ್ದ ಧಾರ್ಮಿಕ ಶಿಕ್ಷಣದಲ್ಲಿಯೂ ತೊಡಗಿದ್ದರು. ಆಯುಧಗಳನ್ನೇ ಮಾರಿ ಶ್ರೀಮಂತರಾದರೂ ತಮ್ಮನ್ನು ಶಾಂತಿಪ್ರಿಯರೆಂದೇ ಭಾವಿಸಿದ್ದರು. ಯುದ್ಧವೇ ಇಲ್ಲವಾಗಿ, ತಮ್ಮ ಶಸ್ತ್ರಸಂಗ್ರಹವು ಮರೆತುಹೋದ ವಿದ್ಯೆಯೊಂದರ ವಸ್ತುಸಂಗ್ರಹಾಲಯವಾಗಿ ಉಳಿಯುವ ದಿನ ಬರಲೆಂದು ಅವರು ಆಶಿಸಿದ್ದರು. ಆದರೆ ಪ್ರತಿಯೊಂದು ಹೊಸ ಯುದ್ಧವೂ ಅವರ ಉಗ್ರಾಣವನ್ನು ಮತ್ತಷ್ಟು ತುಂಬಿತು. ಈ ವೈರುಧ್ಯವನ್ನು ಅವರ ಜೀವನದ ಬಗ್ಗೆ ಬರೆದವರು ಗುರುತಿಸಿದ್ದಾರೆ.

ನಿಧನ ಮತ್ತು ನಂತರದ ಘಟನೆಗಳು

ಮೊದಲನೆಯ ಮಹಾಯುದ್ಧ ಮುಗಿದ ಎರಡು ವಾರಗಳಲ್ಲಿ, 1918ರ ನವೆಂಬರ್ 26ರಂದು ಬ್ಯಾನರ್ಮನ್ ನಿಧನರಾದರು. ದ್ವೀಪದ ನಿರ್ಮಾಣ ಕಾರ್ಯವೂ ಅಲ್ಲಿಗೇ ನಿಂತಿತು. 1920ರ ಆಗಸ್ಟ್‌ನಲ್ಲಿ ಅಲ್ಲಿನ ಮದ್ದಿನ ಮನೆ ಸ್ಫೋಟಗೊಂಡು ಕಟ್ಟಡಗಳಿಗೆ ಭಾರಿ ಹಾನಿಯಾಯಿತು. ಸಿಡಿಮದ್ದನ್ನು ನಗರದಿಂದ ದೂರವಿರಿಸಿದ ನಿರ್ಧಾರದ ಮಹತ್ವವನ್ನು ಈ ಘಟನೆ ತೋರಿಸಿತು.

ಮಕ್ಕಳು ವ್ಯಾಪಾರವನ್ನು ಮುಂದುವರಿಸಿದರು. ಮುಂದೆ ಸಂಸ್ಥೆಯು ಬ್ರಾಡ್‌ವೇಯನ್ನು ತೊರೆದು ಲಾಂಗ್ ಐಲೆಂಡ್‌ಗೆ ತೆರಳಿತು. ದ್ವೀಪದಲ್ಲಿದ್ದ ಸಾಮಗ್ರಿಗಳನ್ನು ತೆರವುಗೊಳಿಸಿದ ಬಳಿಕ 1967ರಲ್ಲಿ ನ್ಯೂಯಾರ್ಕ್ ರಾಜ್ಯ ಸರ್ಕಾರ ದ್ವೀಪವನ್ನು ಕೊಂಡಿತು. 1969ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಕೋಟೆಯ ಛಾವಣಿ ಮತ್ತು ಮಹಡಿಗಳು ನಾಶವಾದವು. 2009ರಲ್ಲಿ ಉಳಿದ ಗೋಡೆಗಳ ಒಂದು ಭಾಗವೂ ಕುಸಿಯಿತು. ಬ್ಯಾನರ್ಮನ್ ಕ್ಯಾಸಲ್ ಟ್ರಸ್ಟ್ ಎಂಬ ಸಂಸ್ಥೆ ಅವಶೇಷಗಳ ರಕ್ಷಣೆಯಲ್ಲಿ ತೊಡಗಿದ್ದು, ದೋಣಿಯ ಮೂಲಕ ಪ್ರವಾಸಿಗರ ಭೇಟಿಯನ್ನು ಏರ್ಪಡಿಸುತ್ತದೆ.

ಪ್ರಭಾವ

ಗುಜರಿಗೆ ಹೋಗಬೇಕಾಗಿದ್ದ ಅಸಂಖ್ಯ ಆಯುಧಗಳು ಬ್ಯಾನರ್ಮನ್ ಅವರಿಂದಾಗಿ ಉಳಿದುಕೊಂಡು, ಖಾಸಗಿ ಸಂಗ್ರಹಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಸೇರಿದವು. ಅದೇ ವ್ಯಾಪಾರವು ಅನೇಕ ಆಯುಧಗಳ ಮೂಲ ರೂಪವನ್ನು ಅಳಿಸಿ ಹಾಕಿದ್ದೂ ನಿಜ. ಅವರ ಸಂಸ್ಥೆಯ ಹಳೆಯ ಕ್ಯಾಟಲಾಗ್‌ಗಳು ಮರುಮುದ್ರಣಗೊಂಡು ಇಂದಿಗೂ ಸಂಗ್ರಾಹಕರ ಆಕರಗ್ರಂಥಗಳಾಗಿವೆ. ಎರಡನೆಯ ಮಹಾಯುದ್ಧದ ಬಳಿಕ ವಿವಿಧ ದೇಶಗಳ ಸೇನಾ ರೈಫಲ್‌ಗಳನ್ನು ಅಂಚೆಯ ಮೂಲಕ ಮಾರಿದ ಅಮೆರಿಕದ ವರ್ತಕರು, ಬ್ಯಾನರ್ಮನ್ ಬಹಳ ಹಿಂದೆಯೇ ರೂಢಿಗೆ ತಂದಿದ್ದ ಕ್ರಮದಲ್ಲಿಯೇ ವ್ಯಾಪಾರ ನಡೆಸಿದರು.