ಸರ್ ಮಿರ್ಜಾ ನೆನಪಿನಲ್ಲಿ ಮೆಜೆಸ್ಟಿಕ್ಕಿನ ಪಾದಚಾರಿ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಿಂದ ರಾತ್ರಿ ಬಸ್ಸು ಹಿಡಿದು ರಾಜಧಾನಿಗೆ ಬರುವವರು ನಸುಕಿನಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ. ಆಸ್ಪತ್ರೆಗೆಂದು ಬಂದ ವೃದ್ಧೆ, ಕಾಲೇಜು ಸೇರಲು ಬಂದ ವಿದ್ಯಾರ್ಥಿ, ಕಡತದ ಬೆನ್ನು ಹತ್ತಿ ಬಂದ ರೈತ, ಇವರೆಲ್ಲರ ಮುಂದಿನ ಪ್ರಯಾಣ ಆರಂಭವಾಗುವುದು ಕಾಲ್ನಡಿಗೆಯಿಂದ. ಅಲ್ಲಿ ದೂರದೂರಿನ ಬಸ್ಸುಗಳ ನಿಲ್ದಾಣವಿದೆ, ನಗರ ಸಾರಿಗೆಯ ನಿಲ್ದಾಣವಿದೆ, ಎದುರಿಗೆ ರೈಲು ನಿಲ್ದಾಣವಿದೆ. 2016 ಮತ್ತು 2017ರಲ್ಲಿ ಮೆಟ್ರೊದ ಎರಡು ಮಾರ್ಗಗಳೂ ನೆಲದಡಿಯಲ್ಲಿ ಬಂದು ಸೇರಿದವು. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ದೊಡ್ಡ ಕೊರತೆಯಿಲ್ಲ. ಒಂದರಿಂದ ಇನ್ನೊಂದಕ್ಕೆ ಗಂಟುಮೂಟೆ ಹೊತ್ತು ನಡೆಯಬೇಕಾದವರ ಪಾಡು ಮಾತ್ರ ಬೇರೆ. ಸುರಂಗದಾರಿಯ ಮೆಟ್ಟಿಲು ಇಳಿದು ಹತ್ತಬೇಕು, ಆಟೊಗಳ ನಡುವೆ ನುಸುಳಬೇಕು, ಯಾವ ದಿಕ್ಕಿಗೆ ಯಾವ ನಿಲ್ದಾಣವೆಂದು ದಾರಿಹೋಕರನ್ನು ಕೇಳಬೇಕು.

ಈ ದೃಶ್ಯವನ್ನು ಕಂಡಾಗಲೆಲ್ಲ ನೆನಪಿಗೆ ಬರುವ ವ್ಯಕ್ತಿ ಸರ್ ಮಿರ್ಜಾ ಎಂ. ಇಸ್ಮಾಯಿಲ್. ಇಂದಿನ ಮೆಜೆಸ್ಟಿಕ್ ನಿಲ್ದಾಣಕ್ಕೂ ಅವರಿಗೂ ಸಂಬಂಧವಿಲ್ಲ. ಅದು ಅವರ ಆಡಳಿತದ ನಂತರದ ನಿರ್ಮಾಣ. ಆದರೆ ನಗರದ ನಡುಭಾಗವನ್ನು ನಡೆಯುವವನ ಕಣ್ಣಿನಿಂದ ನೋಡಿ, ಅದಕ್ಕೆ ತಕ್ಕಂತೆ ಕಟ್ಟಿಸಿದ ಆಡಳಿತಗಾರರು ನಮ್ಮಲ್ಲಿ ವಿರಳ. ಅಂಥವರಲ್ಲಿ ಅವರು ಅಗ್ರಗಣ್ಯರು.

ಮಿರ್ಜಾ ಜನಿಸಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ನಗರದಿಂದ ಕುದುರೆ ವ್ಯಾಪಾರಕ್ಕಾಗಿ ಬಂದು ಇಲ್ಲಿಯೇ ನೆಲೆಸಿದವರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ತಂದೆ ಆಗಾ ಜಾನ್ ಮೈಸೂರು ಅರಮನೆಯ ಸೇವೆಯಲ್ಲಿದ್ದರು. ಬಾಲಕ ಮಿರ್ಜಾನಿಗೆ ಭಾವೀ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗುವ ಅವಕಾಶ ದೊರೆಯಿತು. ಸ್ಟುವರ್ಟ್ ಫ್ರೇಸರ್ ಎಂಬ ಬ್ರಿಟಿಷ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನಡೆದ ಆ ವಿಶೇಷ ತರಗತಿಯಲ್ಲಿ ಮೊಳೆತ ಸ್ನೇಹ ಮಹಾರಾಜರ ಕೊನೆಯ ದಿನಗಳವರೆಗೂ ಉಳಿಯಿತು.

ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು 1905ರಲ್ಲಿ ಸಂಸ್ಥಾನದ ಪೊಲೀಸ್ ಇಲಾಖೆಗೆ ಸೇರಿದ ಮಿರ್ಜಾ, ಕೆಲವೇ ವರ್ಷಗಳಲ್ಲಿ ಮಹಾರಾಜರ ಕಚೇರಿಗೆ ಬಂದರು. 1922ರಲ್ಲಿ ಅವರ ಆಪ್ತ ಕಾರ್ಯದರ್ಶಿಯಾದರು. 1926ರಲ್ಲಿ ದಿವಾನಗಿರಿ ಅವರ ಪಾಲಿಗೆ ಬಂದಾಗ ವಯಸ್ಸು 42. ಮುಂದಿನ ಹದಿನೈದು ವರ್ಷ ಆ ಸ್ಥಾನದಲ್ಲಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಗಿರಣಿ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ, ಇವೆಲ್ಲ ಆ ಅವಧಿಯವು. ಆದರೆ ಜನಸಾಮಾನ್ಯರ ನೆನಪಿನಲ್ಲಿ ಮಿರ್ಜಾ ಉಳಿದಿರುವುದು ಊರುಗಳನ್ನು ಅಂದಗೊಳಿಸಿದ ದಿವಾನರಾಗಿ.

ಅಂದಗೊಳಿಸುವುದು ಎಂಬ ಮಾತಿನಿಂದ ತಪ್ಪು ತಿಳಿವಳಿಕೆಯಾಗುವ ಸಂಭವವಿದೆ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನವನ್ನಷ್ಟೇ ನೋಡಿ ಅವರನ್ನು ಅಲಂಕಾರಪ್ರಿಯರೆಂದು ಬಗೆದವರುಂಟು. ಅವರ ಕ್ರಮವನ್ನು ಗಮನಿಸಿದರೆ ಬೇರೆಯ ಚಿತ್ರ ಕಾಣುತ್ತದೆ. ಬೆಳಗಿನ ಹೊತ್ತು ಊರು ಸುತ್ತಿ ಚರಂಡಿ, ರಸ್ತೆ, ವೃತ್ತ, ಮರಗಿಡಗಳನ್ನು ಕಣ್ಣಾರೆ ನೋಡುವುದು, ಕಂಡ ಲೋಪವನ್ನು ಸಂಬಂಧಪಟ್ಟವರ ಗಮನಕ್ಕೆ ತಂದು ಸರಿಪಡಿಸುವವರೆಗೂ ಬಿಡದಿರುವುದು ಅವರ ಅಭ್ಯಾಸವಾಗಿತ್ತು. ತೋಟಗಾರಿಕೆಯಲ್ಲಿ ಕೃಂಬಿಗಲ್ ಅವರ ಪರಿಣತಿಯನ್ನು ಬಳಸಿಕೊಂಡರು. 1939ರಲ್ಲಿ, ಹಿಟ್ಲರನ ಆಡಳಿತದಿಂದಾಗಿ ಜರ್ಮನಿ ತೊರೆದಿದ್ದ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ ಅವರನ್ನು ಸಂಸ್ಥಾನದ ಸೇವೆಗೆ ಕರೆತಂದರು. 1935ರಲ್ಲಿ ಬೆಂಗಳೂರಿನ ಪುರಭವನ ಸಿದ್ಧವಾಯಿತು. ಅಗಲವಾದ ಮೆಟ್ಟಿಲುಗಳ ಆ ಕಟ್ಟಡಕ್ಕೆ ನಡೆದು ಬಂದವನೂ ಗೌರವದಿಂದ ಪ್ರವೇಶಿಸಬಹುದಿತ್ತು.

ಆ ಕಾಲದ ಬೆಂಗಳೂರು ಇಂದಿನದಲ್ಲ ಎಂಬ ಆಕ್ಷೇಪ ಸಹಜ. 1931ರಲ್ಲಿ ಪೇಟೆ ಮತ್ತು ದಂಡು ಪ್ರದೇಶಗಳೆರಡೂ ಸೇರಿ ಜನಸಂಖ್ಯೆ ಮೂರು ಲಕ್ಷದಷ್ಟಿತ್ತು. ಇಂದು ಅದು ಕೋಟಿಯನ್ನು ದಾಟಿದೆ. ಅದರಲ್ಲೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿದ್ದು, ದಿವಾನರ ಮಾತು ನಡೆಯುತ್ತಿದ್ದುದು ಪೇಟೆಯ ಕಡೆಗೆ ಮಾತ್ರ. ನಮ್ಮ ತೆಲಿಗಿಯಂತಹ ಊರುಗಳಂತೂ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ತುಂಗಭದ್ರೆಯ ದಂಡೆಯ ಹರಿಹರ ತಲುಪಿದರೆ ಅದು ಮೈಸೂರು ಸೀಮೆ. ಗಡಿಯ ಆಚೆಗಿದ್ದ ನಮ್ಮ ಹಿರಿಯರಿಗೆ ಮಿರ್ಜಾ ನೆರೆಯ ರಾಜ್ಯದ ದಿವಾನರು.

ಅವರ ಬದುಕಿನ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. ಮೈಸೂರಿನ ಜನ ಜವಾಬ್ದಾರಿ ಸರ್ಕಾರ ಕೇಳಿ ಬೀದಿಗಿಳಿದಾಗ ದಿವಾನರ ಆಡಳಿತ ಕಿವಿಗೊಡಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಪ್ರಾಣಹಾನಿಯಾಯಿತು. ಬಳಿಕ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ಮಾತುಕತೆ ನಡೆಸಿ, ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಬೀದಿಯಲ್ಲಿ ನಡೆಯುವವನ ಅನುಕೂಲವನ್ನು ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಆಡಳಿತಕ್ಕೆ, ಅದೇ ಬೀದಿಯಲ್ಲಿ ಹಕ್ಕು ಕೇಳುತ್ತ ನಡೆದವನ ಮಾತು ಸಕಾಲದಲ್ಲಿ ಕೇಳಿಸಲಿಲ್ಲವೆಂಬುದು ಇತಿಹಾಸ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಹೊಸ ಮಹಾರಾಜರ ಕಾಲದಲ್ಲಿ ಹೊಂದಾಣಿಕೆ ಸಾಧ್ಯವಾಗದೆ 1941ರಲ್ಲಿ ಮಿರ್ಜಾ ರಾಜೀನಾಮೆ ನೀಡಿದರು. ಮರುವರ್ಷ ಜಯಪುರ ಸಂಸ್ಥಾನದ ಪ್ರಧಾನಿಯಾಗಿ ಹೋದರು. ನಮ್ಮ ಚರ್ಚೆಗೆ ಅತ್ಯಂತ ಪ್ರಸ್ತುತವಾದ ಅವರ ಕೆಲಸ ನಡೆದುದು ಅಲ್ಲಿ.

ಜಯಪುರ 1727ರಲ್ಲಿ ಸವಾಯಿ ಜಯಸಿಂಗ್ ಯೋಜಿಸಿ ಕಟ್ಟಿಸಿದ ನಗರ. ನೇರವಾದ ರಾಜಬೀದಿಗಳು, ಇಕ್ಕೆಲಗಳಲ್ಲಿ ಸಾಲಂಗಡಿಗಳು. ಆದರೆ ರಾಜಸ್ಥಾನದ ಬಿಸಿಲಿನಲ್ಲಿ ಆ ಬೀದಿಗಳಲ್ಲಿ ಮಧ್ಯಾಹ್ನ ನಡೆಯುವುದೆಂದರೆ ಶಿಕ್ಷೆಯೇ ಸರಿ. ಮಿರ್ಜಾ ಅವರ ಕಾಲದಲ್ಲಿ ಮುಖ್ಯ ಬಜಾರುಗಳ ಅಂಗಡಿಗಳ ಮುಂದೆ ಉದ್ದಕ್ಕೂ ಚಾವಣಿಯುಳ್ಳ ಪಡಸಾಲೆಗಳು ಎದ್ದವು. ಗ್ರಾಹಕ ಬಿಸಿಲು ಮಳೆಗಳ ಗೊಡವೆಯಿಲ್ಲದೆ, ವಾಹನದ ಭಯವಿಲ್ಲದೆ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ನೆರಳಿನಲ್ಲಿಯೇ ಸಾಗುವಂತಾಯಿತು. ಅಂಗಡಿ ಖಾಸಗಿಯವರದು, ಬೀದಿ ಸರ್ಕಾರದ್ದು. ಇವೆರಡರ ನಡುವಿನ ಆ ಪಟ್ಟಿಯನ್ನು ಅವರು ನಡೆಯುವವನಿಗೆ ಬಿಟ್ಟುಕೊಟ್ಟರು. ಕೋಟೆಯ ಹೊರಗಿನ ದೊಡ್ಡ ರಸ್ತೆಗೆ ಆ ನಗರ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರಿಟ್ಟಿತು.

ಆ ಪಡಸಾಲೆಗಳ ಮುಂದಿನ ಕಥೆಯೂ ಪಾಠವೇ. ಕಾಲಕ್ರಮದಲ್ಲಿ ಅಂಗಡಿಗಳವರು ಅವನ್ನು ಒತ್ತುವರಿ ಮಾಡಿಕೊಂಡರು, ದಾಸ್ತಾನು ತುಂಬಿದರು. ಈ ಶತಮಾನದ ಆರಂಭದ ವೇಳೆಗೆ ಸರ್ಕಾರ ಕಾರ್ಯಾಚರಣೆ ನಡೆಸಿ ತೆರವುಗೊಳಿಸಬೇಕಾಯಿತು. 2019ರಲ್ಲಿ ಜಯಪುರ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಟ್ಟುವುದು ಒಂದು ಸಲದ ಕೆಲಸ, ತೆರವಾಗಿ ಉಳಿಸಿಕೊಳ್ಳುವುದು ನಿತ್ಯದ ಕೆಲಸ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ಇಲ್ಲ.

1946ರಲ್ಲಿ ಮಿರ್ಜಾ ಹೈದರಾಬಾದಿಗೆ ಹೋದರು. ಸಂಸ್ಥಾನದ ಭವಿಷ್ಯದ ಬಗ್ಗೆ ಅಲ್ಲಿನ ಪ್ರಬಲ ಬಣಗಳೊಂದಿಗೆ ಭಿನ್ನಾಭಿಪ್ರಾಯ ಬೆಳೆದು 1947ರಲ್ಲಿ ಹೊರಬಂದರು. ಕೆಲಕಾಲ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಇಂಡೋನೇಷ್ಯಾದಲ್ಲಿದ್ದು, 1954ರಲ್ಲಿ ಆತ್ಮಕಥೆ ಪ್ರಕಟಿಸಿ, 1959ರ ಜನವರಿ 5ರಂದು ತಾವು ಹುಟ್ಟಿದ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು.

ಈ ಬದುಕಿನಿಂದ ಮೆಜೆಸ್ಟಿಕ್ ಕಲಿಯಬೇಕಾದುದೇನು? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಉತ್ತರ ಕಷ್ಟವಲ್ಲ. ಬಸ್ಸಿಗೆ ಟಿಕೆಟಿದೆ, ರೈಲಿಗೆ ಟಿಕೆಟಿದೆ, ಮೆಟ್ರೊಗೂ ಇದೆ. ಅವುಗಳ ನಡುವಿನ ನಡಿಗೆಗೆ ಟಿಕೆಟಿಲ್ಲ. ಆದಾಯವಿಲ್ಲದ್ದರಿಂದ ಅದು ಯಾರ ಜಮಾಖರ್ಚಿನಲ್ಲೂ ಬರುವುದಿಲ್ಲ. ಸಾರಿಗೆ ನಿಗಮಗಳ ಹೊಣೆ ಅವುಗಳ ದ್ವಾರದಲ್ಲಿ ಮುಗಿಯುತ್ತದೆ. ರೈಲ್ವೆಯದು ಅದರ ಆವರಣದ ಗೋಡೆಗೆ. ಮೆಟ್ರೊದ್ದು ಮೆಟ್ಟಿಲಿನ ತುದಿಗೆ. ನಡಿಗೆ ಸುಗಮವಾದರೆ ಲಾಭ ಎಲ್ಲರಿಗೂ, ಖರ್ಚು ಮಾತ್ರ ಯಾರಿಗೂ ಬೇಡ. ಮಿರ್ಜಾ ಅವರ ಕಾಲದಲ್ಲಿ ಆ ನಡುವಿನ ಜಾಗಕ್ಕೆ ಒಬ್ಬ ಯಜಮಾನನಿದ್ದ. ಇಲಾಖೆಗಳೆಲ್ಲವೂ ಕಡೆಗೆ ದಿವಾನರ ಮೇಜಿಗೆ ಬಂದು ಸೇರುತ್ತಿದ್ದವು.

ದಿವಾನಗಿರಿ ಮರಳಿ ಬರಬೇಕಿಲ್ಲ, ಬರಲೂ ಬಾರದು. ವಿದುರಾಶ್ವತ್ಥ ಕಲಿಸಿದ ಪಾಠ ಅದು. ಜನರಿಗೆ ಉತ್ತರಿಸುವ ಸಂಸ್ಥೆಯೊಂದು ಆ ಯಜಮಾನಿಕೆಯನ್ನು ವಹಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಸಲಕರಣೆಗಳೂ ಇವೆ. ವಾಹನಗಳನ್ನಲ್ಲದೆ ಜನರನ್ನು ಸಾಗಿಸುವುದೇ ಗುರಿಯೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿತು. ಬೀದಿ ವ್ಯಾಪಾರಿಗಳಿಗೆ ನಿಗದಿತ ಜಾಗ ನೀಡಬೇಕೆಂದು 2014ರ ಕಾಯ್ದೆ ವಿಧಿಸಿದೆ. ಹೂ ಮಾರುವವಳನ್ನು ಓಡಿಸಿ ಪಾದಚಾರಿ ಮಾರ್ಗ ತೆರವಾಯಿತೆನ್ನುವುದು ನ್ಯಾಯವಲ್ಲ. ನಗರದ ಸಾರಿಗೆ ಸಂಸ್ಥೆಗಳನ್ನು ಒಂದು ಸೂರಿನಡಿ ಸಮನ್ವಯಗೊಳಿಸಲು 2022ರಲ್ಲಿ ವಿಧಾನಮಂಡಲ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆಗೆ ಒಪ್ಪಿಗೆ ನೀಡಿತು. ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಜೀವಿಸುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ನಿಲ್ದಾಣದಿಂದ ನಿಲ್ದಾಣಕ್ಕೆ ನೆಲಮಟ್ಟದಲ್ಲಿ ಸಾಗುವ, ಚಾವಣಿಯುಳ್ಳ, ಗಾಲಿಕುರ್ಚಿಯೂ ಹೋಗಬಲ್ಲ ಒಂದು ದಾರಿ. ಕನ್ನಡದಲ್ಲಿ ಸ್ಪಷ್ಟವಾದ ಫಲಕಗಳು. ಕೂರಲು ನಾಲ್ಕು ಕಲ್ಲುಬೆಂಚು. ಅದನ್ನು ನಿತ್ಯ ನೋಡಿಕೊಳ್ಳುವ, ಹೆಸರು ಹೇಳಿ ಪ್ರಶ್ನಿಸಬಹುದಾದ ಒಬ್ಬ ಅಧಿಕಾರಿ. ಅದಕ್ಕೆ ಮೊದಲು ಎಲ್ಲ ಸಂಸ್ಥೆಗಳ ಮುಖ್ಯಸ್ಥರೂ ಒಂದು ದಿನ ನಸುಕಿನಲ್ಲಿ ಮೆಜೆಸ್ಟಿಕ್ಕಿಗೆ ಬಂದು, ತೆಲಿಗಿಯ ಬಸ್ಸಿಳಿದ ಆ ವೃದ್ಧೆಯ ಜೊತೆ ರೈಲು ನಿಲ್ದಾಣದವರೆಗೆ ನಡೆದು ನೋಡಲಿ. ಸರ್ ಮಿರ್ಜಾ ಇದ್ದಿದ್ದರೆ ಕಡತ ತೆರೆಯುವ ಮುನ್ನ ಆ ಕೆಲಸವನ್ನೇ ಮಾಡುತ್ತಿದ್ದರು.